ಎಲೆ ಕೈಗೆ ಬಂದ್ರೆ ಎದೆ ಢವಢವ ಯಾಕೆ? ಪೋಕರ್ ಮೇಜು ಕಲಿಸುವ ಪಾಠ

ಒಳ್ಳೆ ಎಲೆ ಬಿದ್ದಾಗ ಕೈ ನಡುಗುವುದು, ಬಾಯಿ ಒಣಗುವುದು, ಎದೆ ಢವಢವ ಹೊಡೆದುಕೊಳ್ಳುವುದು ಇಸ್ಪೀಟ್ ಆಡಿದವರಿಗೆಲ್ಲ ಗೊತ್ತಿರುವ ಸಂಗತಿ. ರಮ್ಮಿ ಇರಲಿ, ತೀನ್ ಪತ್ತಿ ಇರಲಿ, ಪೋಕರ್ ಇರಲಿ, ಕತೆ ಒಂದೇ. ಇದು ಪುಕ್ಕಲುತನ ಅಲ್ಲ, ದೇಹದ ಸಹಜ ಕೆಲಸ. ಆದರೆ ಹತೋಟಿ ತಪ್ಪಿದರೆ ಅಂಗಡಿ ಗಲ್ಲಾದ ದುಡ್ಡೂ ಹೋಗುತ್ತೆ, ಮನೆ ನೆಮ್ಮದಿಯೂ ಹೋಗುತ್ತೆ.

ದೇಹದಲ್ಲಿ ಏನಾಗುತ್ತೆ?

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಅಪಾಯ ಕಂಡಾಗ ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಹಾವು ಎದುರಾದರೆ ಓಡುವುದಕ್ಕೋ, ಕಳ್ಳ ನುಗ್ಗಿದರೆ ಹೊಡೆದಾಡುವುದಕ್ಕೋ ಬೇಕಾದ ಬಲ ಇದರಿಂದ ಬರುತ್ತದೆ. ದೊಡ್ಡ ಪಣ ಕಟ್ಟಿದಾಗಲೂ ಇದೇ ಗಂಟೆ ಬಾರಿಸುತ್ತದೆ. ಓಡುವ ಬಲ ಬಂದಿರುತ್ತೆ, ಆದರೆ ಕೂತಲ್ಲೇ ಕೂರಬೇಕು. ಆಗ ಕೈ ನಡುಗುತ್ತದೆ, ಅಂಗೈ ಬೆವರುತ್ತದೆ. ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಅದರ ಬೆನ್ನಿಗೇ ಏರುವ ಕಾರ್ಟಿಸೋಲ್ ಮಾತ್ರ ಹೆಚ್ಚು ಹೊತ್ತು ಉಳಿಯುತ್ತದೆ.

ನಡುಗುವ ಕೈ ಏನು ಹೇಳುತ್ತೆ?

ಕೈ ನಡುಗಿದರೆ ಎದುರಿನವನು ಸುಳ್ಳಾಟ ಆಡ್ತಿದ್ದಾನೆ ಅಂತ ಹೊಸಬರು ತಿಳಿಯುತ್ತಾರೆ. ಅಮೆರಿಕದ ಮೈಕ್ ಕ್ಯಾರೊ 1984ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದಕ್ಕೆ ಉಲ್ಟಾ ಹೇಳಿದರು: ಪಣ ಇಡುವಾಗ ದಿಢೀರ್ ನಡುಗುವ ಕೈಯಲ್ಲಿ ಹೆಚ್ಚಾಗಿ ಒಳ್ಳೆ ಎಲೆಗಳೇ ಇರುತ್ತವೆ. ಸುಳ್ಳಾಟ ಆಡುವವನು ಉಸಿರು ಬಿಗಿ ಹಿಡಿದು ಕಲ್ಲಿನಂತೆ ಕೂತಿರುತ್ತಾನೆ.

2003ರ ವಿಶ್ವ ಪೋಕರ್ ಸರಣಿಯ ಅಂತಿಮ ಹಣಾಹಣಿಯಲ್ಲಿ ನಡೆದದ್ದೂ ಇದೇ. ಟೆನ್ನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಕೈಯಲ್ಲಿ ಒಂದು ಜೋಡಿಯೂ ಇರಲಿಲ್ಲ. ಆದರೂ ಇದ್ದದ್ದೆಲ್ಲ ಮುಂದಿಟ್ಟು ಅಲುಗಾಡದೆ ಕೂತರು. ಒಂಬತ್ತರ ಜೋಡಿ ಹಿಡಿದಿದ್ದ ಅನುಭವಿ ಸ್ಯಾಮ್ ಫರ್ಹಾ ಎಲೆ ಕೆಳಗಿಟ್ಟರು. ಮನಿಮೇಕರ್ 25 ಲಕ್ಷ ಡಾಲರ್ ಗೆದ್ದರು. ಆ ವರ್ಷ ಆಡಿದವರು 839 ಮಂದಿ, ಪಟ್ಟ ಸಿಕ್ಕಿದ್ದು ಒಬ್ಬರಿಗೆ. ಈ ಲೆಕ್ಕ ಮರೆಯಬಾರದು.

ನಿಜವಾದ ಅಪಾಯ ಸೋತ ಮೇಲೆ

ನೂರು ರೂಪಾಯಿ ಗೆದ್ದ ಖುಷಿಗಿಂತ ನೂರು ರೂಪಾಯಿ ಕಳೆದುಕೊಂಡ ನೋವು ಹೆಚ್ಚು. ಇದನ್ನು ಮನಃಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ವಿವರಿಸಿದ್ದಾರೆ. ಆ ನೋವಿನಲ್ಲಿ ‘ಹೋದದ್ದು ವಾಪಸ್ ತಗೋಬೇಕು’ ಎಂಬ ಹಟ ಹುಟ್ಟುತ್ತೆ, ಪಣ ದುಪ್ಪಟ್ಟಾಗುತ್ತೆ. ಪೋಕರ್ ಆಡುವವರು ಈ ಸ್ಥಿತಿಯನ್ನು ‘ಟಿಲ್ಟ್’ ಅನ್ನುತ್ತಾರೆ. ವ್ಯಾಪಾರದಲ್ಲೂ ಹಾಗೇ: ಒಂದು ಲೋಡ್ ಮಾಲಿನಲ್ಲಿ ನಷ್ಟ ಆಯ್ತು ಅಂತ ಅದೇ ಸಿಟ್ಟಲ್ಲಿ ಸಾಲ ತಂದು ಎರಡು ಲೋಡ್ ಹಾಕಿಸಿದರೆ ಗತಿ ಗೊತ್ತೇ ಇದೆ.

ಹತೋಟಿಗೆ ತರೋದು ಹೇಗೆ?

• ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ನಿಧಾನ ಬಿಡಿ. ಎರಡು ನಿಮಿಷ ಹೀಗೆ ಮಾಡಿದರೆ ಎದೆಬಡಿತ ತಗ್ಗುತ್ತದೆ.
• ಎಲೆ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಪ್ರತಿ ಸಲ ಅಷ್ಟೇ ಹೊತ್ತು ಯೋಚಿಸಿ ಆಡಿ.
• ಎಷ್ಟು ಸೋತರೆ ಏಳಬೇಕು ಅನ್ನೋದನ್ನ ಕೂರುವ ಮೊದಲೇ ನಿರ್ಧರಿಸಿ. ಮೇಜಿನ ಮುಂದೆ ಕೂತ ಮೇಲೆ ಮಾಡುವ ಲೆಕ್ಕ ನಿಲ್ಲೋದಿಲ್ಲ.
• ಸೋತ ಕೂಡಲೇ ಎದ್ದು ಹತ್ತು ನಿಮಿಷ ನಡೆಯಿರಿ, ನೀರು ಕುಡಿಯಿರಿ. ಕಾಫಿ ಎದೆಬಡಿತ ಹೆಚ್ಚಿಸುತ್ತೆ, ಮದ್ಯ ವಿವೇಕ ಕೆಡಿಸುತ್ತೆ.

ಕ್ಯಾರಂ ಫೈನಲ್ಲಿಗೂ ಸಂದರ್ಶನಕ್ಕೂ ಇದೇ ಉಸಿರಾಟದ ಉಪಾಯ ಸಾಕು.

ಕಾನೂನು ನೆನಪಿರಲಿ

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಪೋಕರ್, ರಮ್ಮಿ ನಡೆಸುವುದನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇದೆ. ಜೂಜು ಅಡ್ಡೆಗಳಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಅನ್ವಯಿಸುತ್ತದೆ. ಮನೆಯಲ್ಲಿ ಬರೀ ಬಟನ್ನು, ಹುಣಸೆ ಬೀಜ ಪಣ ಇಟ್ಟು ಆಡಿದರೂ ಮಜಾ ಕಮ್ಮಿಯೇನಲ್ಲ.

ಆಟ ಬಿಡಬೇಕು ಅಂದ್ರೂ ಬಿಡಕ್ಕಾಗ್ತಿಲ್ಲ, ಸಾಲ ಏರ್ತಿದೆ ಅನ್ನುವವರು ಮುಚ್ಚಿಡದೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.