ಯುಎಸ್‌ಬಿ ಇರುವ ಬೋರ್ಡ್: ಆಯ್ಕೆ ಹೇಗೆ?

ಪ್ರಯೋಗಗಳಿಗೆ ಮೈಕ್ರೋಕಂಟ್ರೋಲರ್ ಬೋರ್ಡ್ ಕೊಳ್ಳುವಾಗ ಅದರಲ್ಲಿ ಯುಎಸ್‌ಬಿ ಕಿಂಡಿ ಇದ್ದರಷ್ಟೇ ಸಾಲದು. ಅದರ ಹಿಂದೆ ಏನಿದೆ ಎಂಬುದನ್ನೂ ಗಮನಿಸಬೇಕು. ಆರ್ಡುಯಿನೊ ಊನೊ ಆರ್3ರಲ್ಲಿ ಯುಎಸ್‌ಬಿ ಸಂವಹನಕ್ಕೆಂದೇ ಪ್ರತ್ಯೇಕ ಚಿಪ್ ಇದೆ. 2012ರ ಆರ್ಡುಯಿನೊ ಲಿಯೊನಾರ್ಡೊ ಹಾಗೂ 2021ರ ರಾಸ್ಪ್‌ಬೆರಿ ಪೈ ಪೀಕೊಗಳಲ್ಲಿ ಮುಖ್ಯ ಚಿಪ್ಪೇ ಈ ಕೆಲಸ ಮಾಡುತ್ತದೆ. ಆದ್ದರಿಂದ ಅವು ಕಂಪ್ಯೂಟರಿಗೆ ಕೀಲಿಮಣೆಯಂತೆ ವರ್ತಿಸಿ, ಲೋಲಕದ ಆಂದೋಲನದ ಅವಧಿಯನ್ನು ಅಳೆದು ನೇರವಾಗಿ ಕೋಷ್ಟಕದಲ್ಲಿ ದಾಖಲಿಸಬಲ್ಲವು.

ಆದರೆ ವೋಲ್ಟೇಜನ್ನು ಮರೆಯಬಾರದು. ಲಿಯೊನಾರ್ಡೊದ ಪಿನ್ನುಗಳು 5 ವೋಲ್ಟ್‌ನವು, ಪೀಕೊದವು 3.3 ವೋಲ್ಟ್‌ನವು. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸಂವೇದಕದ 5 ವೋಲ್ಟ್ ಸಂಕೇತವನ್ನು ಪೀಕೊಗೆ ನೇರವಾಗಿ ಕೊಟ್ಟರೆ ಚಿಪ್ ಕೆಡಬಹುದು. 1 ಮತ್ತು 2 ಕಿಲೋಓಮ್ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ, ಎರಡನೆಯದರ ತುದಿಗಳ ನಡುವಿನ ವಿಭವಾಂತರವನ್ನು ಬಳಸಿದರೆ ಅದು ಸುಮಾರು 3.3 ವೋಲ್ಟ್‌ಗೆ ಇಳಿಯುತ್ತದೆ. ಪ್ರಯೋಗಶಾಲೆಯಲ್ಲಿ 5 ವೋಲ್ಟ್ ಸಂವೇದಕಗಳೇ ಹೆಚ್ಚಿದ್ದರೆ ಲಿಯೊನಾರ್ಡೊ ಸೂಕ್ತ.