ಕೆಲಸವಿರುವ ಭಾಷೆಗೆ ಸಾವಿಲ್ಲ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿರುವ ಜಲಾಶಯ ತನ್ನ ಸ್ವಯಂಚಾಲಿತ ಸೈಫನ್ ವ್ಯವಸ್ಥೆಗೆ ಹೆಸರಾಗಿದೆ. ನೀರು ನಿಗದಿತ ಮಟ್ಟ ಮುಟ್ಟಿದೊಡನೆ, ಯಾರೂ ಗೇಟು ಎತ್ತದೆಯೇ, ಹೆಚ್ಚುವರಿ ನೀರು ಹೊರಹರಿಯುತ್ತದೆ. ಸೈಫನ್ ಎಂಬುದು ಇಂಗ್ಲಿಷಿನ ಮೂಲಕ ಬಂದ ಪದ. ಅದು ಬಂದುದರಿಂದ ನಮ್ಮ ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಎಂಬ ಪದಗಳು ಮಾಯವಾಗಲಿಲ್ಲ. ರೈತನ ದಿನನಿತ್ಯದ ಬದುಕಿನಲ್ಲಿ ಅವುಗಳಿಗೆ ಕೆಲಸವಿತ್ತು.

ಭಾಷಾ ನೀತಿಯ ಚರ್ಚೆಯಲ್ಲಿ ನಾವು ಮರೆಯುವುದು ಈ ಸರಳ ಸತ್ಯವನ್ನೇ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ, ಇಡೀ ದೇಶದಲ್ಲಿ ಇಂಗ್ಲಿಷ್ ಮಾತೃಭಾಷೆಯವರು 2.6 ಲಕ್ಷದಷ್ಟು ಮಾತ್ರ. ಇಂಗ್ಲಿಷಿನ ಬಲವಿರುವುದು ಸಂಖ್ಯೆಯಲ್ಲಲ್ಲ. ಉನ್ನತ ಶಿಕ್ಷಣ, ಉನ್ನತ ನ್ಯಾಯಾಲಯ ಹಾಗೂ ಉದ್ಯೋಗಗಳ ಬಾಗಿಲು ಅದರ ಕೈಯಲ್ಲಿರುವುದರಲ್ಲಿ. ಇದನ್ನರಿತೇ ಹಳ್ಳಿಯ ತಂದೆತಾಯಿಯರು ಕಷ್ಟದ ದುಡಿಮೆಯನ್ನು ಶಾಲಾಶುಲ್ಕಕ್ಕೆ ಸುರಿಯುತ್ತಾರೆ. ಅದನ್ನು ವ್ಯಾಮೋಹವೆಂದು ಜರೆಯುವುದು, ಸ್ವಂತ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸಿದ ನಗರದ ಮಧ್ಯಮವರ್ಗಕ್ಕೆ ಶೋಭಿಸದು.

ಮಾಧ್ಯಮದ ಆಯ್ಕೆ ಪೋಷಕರದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ತೀರ್ಪಿತ್ತ ಮೇಲೆ ಕಡ್ಡಾಯದ ದಾರಿ ಬಹುಮಟ್ಟಿಗೆ ಮುಚ್ಚಿದೆ. ಉಳಿದಿರುವುದು ಗುಣಮಟ್ಟದ ದಾರಿ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದಲೇ ಒಂದನೆಯ ತರಗತಿಯಿಂದ ಇಂಗ್ಲಿಷ್ ಕಲಿಕೆ ಆರಂಭವಾಯಿತು. ಆದರೆ ಒಂದು ಭಾಷೆಯನ್ನು ಚೆನ್ನಾಗಿ ಕಲಿಸುವುದು ಬೇರೆ, ಎಲ್ಲ ವಿಷಯಗಳನ್ನೂ ಆ ಭಾಷೆಯಲ್ಲೇ ಬೋಧಿಸುವುದು ಬೇರೆ. ಅರ್ಥವಾಗದ ಭಾಷೆಯಲ್ಲಿ ಗಣಿತವನ್ನು ಉರುಹೊಡೆದ ಮಗುವಿಗೆ ಕೊನೆಗೆ ಎರಡೂ ದಕ್ಕುವುದಿಲ್ಲ.

ಇದೇ ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು 1911ರಲ್ಲೇ ಧಾರವಾಡದಲ್ಲಿ ಉಪನ್ಯಾಸ ನೀಡಿದವರೂ ಅವರೇ. ಇಂಗ್ಲಿಷಿನ ಪಾಂಡಿತ್ಯವನ್ನು ಅವರು ಕನ್ನಡದ ಬಂಡವಾಳವಾಗಿಸಿದರು.

ಕನ್ನಡಕ್ಕೆ ನಾವು ಬಯಸುವ ನ್ಯಾಯವನ್ನು ತುಳು, ಕೊಡವ ಭಾಷೆಗಳಿಗೂ ಸಲ್ಲಿಸಬೇಕು. ಎಂಟನೆಯ ಪರಿಚ್ಛೇದದಲ್ಲಿ ಅವಕ್ಕೆ ಇನ್ನೂ ಸ್ಥಾನವಿಲ್ಲ. ಬೆಳೆವಿಮೆಯ ಷರತ್ತು, ಬ್ಯಾಂಕಿನ ಸಾಲಪತ್ರ, ಔಷಧದ ಸೂಚನೆ, ನೇಮಕಾತಿ ಪರೀಕ್ಷೆ ಇವೆಲ್ಲ ತಿಳಿಗನ್ನಡದಲ್ಲಿ ದೊರೆತರೆ ಕನ್ನಡ ಕಲಿತವನಿಗೆ ಅದರ ಫಲ ಕೈಗೆ ಸಿಗುತ್ತದೆ. ರಾಜ್ಯೋತ್ಸವದ ಭಾಷಣಗಳಿಗಿಂತ ಇಂಥದೊಂದು ಅರ್ಜಿ ನಮೂನೆ ಭಾಷೆಗೆ ಹೆಚ್ಚು ಆಯುಷ್ಯ ತರಬಲ್ಲದು.