ಮೈಲ್ಸ್ ಡೇವಿಸನ ಕೊನೆಯ ದಶಕದ ತುತ್ತೂರಿ ವಾದನ

ಅಮೆರಿಕದ ಜಾಜ್ ಸಂಗೀತದಲ್ಲಿ ಆಸಕ್ತಿಯುಳ್ಳವರಿಗೆ ಮೈಲ್ಸ್ ಡೇವಿಸನ (1926–1991) ಹೆಸರು ಅಪರಿಚಿತವಲ್ಲ. ಆದರೆ ಅವನ ವಾದನವನ್ನು ಕುರಿತು ಬರೆಯುವವರು 1959ರ ‘ಕೈಂಡ್ ಆಫ್ ಬ್ಲೂ’ ಮೊದಲಾದ ಧ್ವನಿಮುದ್ರಣಗಳ ಬಳಿಯೇ ಬಹುಕಾಲ ನಿಲ್ಲುತ್ತಾರೆ; 1981ರಿಂದ 1991ರವರೆಗಿನ ಕೆಲಸವನ್ನು ಇಳಿಗಾಲವೆಂದು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದುಂಟು. ಈ ತೀರ್ಪು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಅವನ ವಾದ್ಯ, ನಾದ, ದೇಹಸ್ಥಿತಿ ಇವುಗಳನ್ನು ಒಟ್ಟಿಗೆ ಇಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ತುತ್ತೂರಿಯಲ್ಲಿ ನಾದ ಹುಟ್ಟುವುದು ವಾದಕನ ತುಟಿಗಳ ಕಂಪನದಿಂದ. ನಾಗಸ್ವರದಲ್ಲಿ ಜೊಂಡಿನ ಪಟ್ಟಿಗಳು ಮಾಡುವ ಕೆಲಸವನ್ನು ಇಲ್ಲಿ ತುಟಿಗಳೇ ಮಾಡಬೇಕು. ಬಲಗೈಯ ಮೂರು ಬೆರಳುಗಳು ಮೂರು ಗುಂಡಿಗಳನ್ನು ಒತ್ತಿ ಕೊಳವೆಯ ಉದ್ದವನ್ನು ಹೆಚ್ಚಿಸುತ್ತವೆ. ಉಳಿದುದೆಲ್ಲ ಉಸಿರಿಗೆ ಮತ್ತು ತುಟಿಯ ಬಿಗಿತಕ್ಕೆ ಸೇರಿದ್ದು. ಆದಕಾರಣ ಕೆಲವು ಕಾಲ ಅಭ್ಯಾಸ ತಪ್ಪಿದರೂ ಈ ವಾದ್ಯವು ಅದನ್ನು ಮರೆಮಾಡಲಾರದು. ಡೇವಿಸನಾದರೋ 1975ರಲ್ಲಿ ಅನಾರೋಗ್ಯ ಮೊದಲಾದ ಕಾರಣಗಳಿಂದ ವೇದಿಕೆಯನ್ನು ಬಿಟ್ಟು, ಸುಮಾರು ಐದು ವರ್ಷ ವಾದ್ಯವನ್ನು ಹೆಚ್ಚುಕಡಿಮೆ ಮುಟ್ಟದೆ ಇದ್ದವನು.

ಅವನ ನಾದದ ವೈಶಿಷ್ಟ್ಯವು ಬಾಲ್ಯದಲ್ಲಿಯೇ ರೂಪುಗೊಂಡಿತ್ತು. ಇಲಿನಾಯ್ ಪ್ರಾಂತದ ಈಸ್ಟ್ ಸೇಂಟ್ ಲೂಯಿಯಲ್ಲಿ ಅವನಿಗೆ ಕಲಿಸಿದ ಎಲ್ವುಡ್ ಬ್ಯೂಕ್ಯಾನನ್, ಸ್ವರವನ್ನು ನಡುಗಿಸದೆ ನೇರವಾಗಿ ಹಿಡಿಯಬೇಕೆಂದು ವಿಧಿಸಿದ್ದನು. ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ಅದು ಕಂಪಿತವಿಲ್ಲದ ಸ್ವರ. ಮೇಲಿನ ಸ್ಥಾಯಿಯಲ್ಲಿ ಮಿಂಚುವುದಕ್ಕಿಂತ ಮಧ್ಯಸ್ಥಾಯಿಯಲ್ಲಿ ಕೆಲವೇ ಸ್ವರಗಳನ್ನು ಆರಿಸಿ, ಅವುಗಳ ನಡುವೆ ಮೌನವನ್ನು ಇರಿಸುವುದು ಅವನ ರೀತಿ.

ಇದಕ್ಕೆ ನೆರವಾದುದು ಹಾರ್ಮನ್ ಮ್ಯೂಟ್ ಎಂಬ ಉಪಕರಣ. ಅದು ವಾದ್ಯದ ಅಗಲವಾದ ಬಾಯಿಗೆ ಸಿಕ್ಕಿಸುವ ಟೊಳ್ಳಾದ ಲೋಹದ ಬಿರಡೆ. ಅದರ ಸುತ್ತ ಬೆಂಡಿನ ಉಂಗುರವಿರುವುದರಿಂದ ನಾದಕ್ಕೆ ಪಕ್ಕದಲ್ಲಿ ದಾರಿಯಿಲ್ಲ. ಇಡೀ ನಾದವು ಮಧ್ಯದ ರಂಧ್ರದ ಮೂಲಕವೇ ಹೊರಬರಬೇಕು. ಆ ರಂಧ್ರದಲ್ಲಿ ಒಂದು ಸಣ್ಣ ನಳಿಗೆಯುಂಟು. ಅದರ ಮುಂದೆ ಕೈಯಾಡಿಸಿ ಮಗು ಅಳುವಂತಹ ಸದ್ದನ್ನು ಮಾಡುವುದು ಹಳೆಯ ವಾಡಿಕೆ. ಡೇವಿಸ್ ನಳಿಗೆಯನ್ನು ಕಿತ್ತುಹಾಕಿದನು. ಆಗ ನಾದದ ಕೆಳಗಿನ ಅಂಶಗಳು ಬಹುಮಟ್ಟಿಗೆ ಅಡಗಿ, ಮೇಲಿನ ಅಂಶಗಳು ಮಾತ್ರ ಸಣ್ಣಗೆ, ಹರಿತವಾಗಿ ಕೇಳಿಸುತ್ತವೆ. ಈ ನಾದ ದೂರಕ್ಕೆ ಮುಟ್ಟದು. ಆದುದರಿಂದ ಅವನು ವಾದ್ಯವನ್ನು ಮೈಕ್ರೋಫೋನಿಗೆ ತೀರ ಹತ್ತಿರ ಹಿಡಿಯುತ್ತಿದ್ದನು. ಕೇಳುವವನಿಗೆ ಯಾರೋ ಕಿವಿಯಲ್ಲಿ ಪಿಸುಗುಟ್ಟಿದಂತೆ ಭಾಸವಾಗುತ್ತದೆ. ಮೈಕ್ರೋಫೋನಿಲ್ಲದ ಕಾಲದಲ್ಲಿ ಈ ಶೈಲಿ ಹುಟ್ಟಲು ಸಾಧ್ಯವೇ ಇರಲಿಲ್ಲವೆಂಬುದು ಗಮನಾರ್ಹ. 1980ರ ದಶಕದಲ್ಲಿ ಅವನು ನಿಸ್ತಂತು ಮೈಕ್ರೋಫೋನನ್ನು ವಾದ್ಯದ ಬಾಯಿಗೇ ಕಟ್ಟಿಕೊಂಡು ವೇದಿಕೆಯ ಮೇಲೆ ಎಲ್ಲೆಂದರಲ್ಲಿ ನಡೆದಾಡುತ್ತ ನುಡಿಸತೊಡಗಿದನು. ಸಭಿಕರಿಗೆ ಬೆನ್ನು ತಿರುಗಿಸುತ್ತಾನೆಂಬ ಹಳೆಯ ದೂರು ಇದರಿಂದ ಕಡಿಮೆಯಾಗಲಿಲ್ಲವೆನ್ನಿ.

ವಾದ್ಯವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅವನು ಬಹುಕಾಲ ನೆಚ್ಚಿದ್ದು ಮಾರ್ಟಿನ್ ಕಮಿಟಿ ಎಂಬ ಮಾದರಿಯನ್ನು. ಕೊನೆಯ ವರ್ಷಗಳಲ್ಲಿ ಅದಕ್ಕೆ ಕೆಂಪು, ನೀಲಿ, ಕಪ್ಪು ಬಣ್ಣಗಳ ಮೆರುಗು ಬಂದಿತು. ಬಣ್ಣ ಬದಲಾದರೂ ನಾದ ಬದಲಾಗಲಿಲ್ಲ.

1981ರಲ್ಲಿ ‘ದಿ ಮ್ಯಾನ್ ವಿತ್ ದಿ ಹಾರ್ನ್’ ಎಂಬ ಧ್ವನಿಮುದ್ರಣದೊಂದಿಗೆ ಅವನು ಮರಳಿದಾಗ ಉಸಿರು ಇನ್ನೂ ಕೂಡಿರಲಿಲ್ಲ. ಅದೇ ವರ್ಷ ಟೋಕಿಯೋ ನಗರದಲ್ಲಿ ನುಡಿಸಿದುದರಲ್ಲಿ ವಾಕ್ಯಗಳು ನಡುವೆಯೇ ತುಂಡಾಗುವುದು ಸ್ಪಷ್ಟವಾಗಿ ಕೇಳಿಸುತ್ತದೆ. 1982ರ ಆರಂಭದಲ್ಲಿ ಲಕ್ವ ಬಡಿದು ಬಲಗೈ ಬೆರಳುಗಳು ಸ್ವಾಧೀನ ತಪ್ಪಿದವು. ತುತ್ತೂರಿ ವಾದಕನಿಗೆ ಇದಕ್ಕಿಂತ ದೊಡ್ಡ ವಿಪತ್ತು ಯಾವುದು? ಆದರೂ ಕೆಲವೇ ತಿಂಗಳುಗಳಲ್ಲಿ ಅವನು ಮತ್ತೆ ವೇದಿಕೆಯೇರಿದನು. 1985ರ ‘ಯೂ ಆರ್ ಅಂಡರ್ ಅರೆಸ್ಟ್’ ಹೊರಬರುವ ವೇಳೆಗೆ ತುಟಿಯ ಶಕ್ತಿ ಮರಳಿತ್ತು. ಅದರಲ್ಲಿರುವ ‘ಟೈಮ್ ಆಫ್ಟರ್ ಟೈಮ್’ ಆ ಕಾಲದ ಜನಪ್ರಿಯ ಗೀತೆ. ಜಾಜ್ ಪಂಡಿತರು ಮೂಗು ಮುರಿದರು. ಅವನು ಕೊನೆಯವರೆಗೂ ಅದನ್ನು ಬಿಡಲಿಲ್ಲ. 1950ರ ದಶಕದಲ್ಲಿಯೂ ಅವನು ನಾಟಕ, ಚಲನಚಿತ್ರಗಳ ಗೀತೆಗಳನ್ನೇ ನುಡಿಸಿದ್ದನೆಂಬುದನ್ನು ಈ ಪಂಡಿತರು ಮರೆತಂತಿದೆ.

ಮೂವತ್ತು ವರ್ಷಗಳ ಸಂಬಂಧದ ಬಳಿಕ ಕೊಲಂಬಿಯಾ ಸಂಸ್ಥೆಯನ್ನು ತೊರೆದು ಅವನು ವಾರ್ನರ್ ಸಂಸ್ಥೆಗಾಗಿ ಸಿದ್ಧಪಡಿಸಿದ ಮೊದಲ ಕೃತಿ ‘ಟುಟು’ (1986). ದಕ್ಷಿಣ ಆಫ್ರಿಕದ ಪಾದ್ರಿ ಡೆಸ್ಮಂಡ್ ಟುಟು ಅವರ ಹೆಸರನ್ನು ಇದಕ್ಕೆ ಇಟ್ಟರು. ಹೆಚ್ಚಿನ ರಚನೆಗಳು ಮಾರ್ಕಸ್ ಮಿಲ್ಲರನವು. ಹಿನ್ನೆಲೆಯ ಬಹುಭಾಗವನ್ನು ಅವನೇ ಯಂತ್ರವಾದ್ಯಗಳಲ್ಲಿ ಹೊಂದಿಸಿದನು. ಜಾಜ್ ಸಂಗೀತದ ಜೀವಾಳವಾದ ವಾದಕರ ಪರಸ್ಪರ ಸಂವಾದ ಇಲ್ಲಿ ಇಲ್ಲವೆಂಬ ಆಕ್ಷೇಪವು ಯಥಾರ್ಥ. ಆದರೆ ಯಂತ್ರದ ಅಚಲವಾದ ಲಯದ ಮೇಲೆ ಆ ಒಂದು ಮಾನುಷ ನಾದ ತಡವರಿಸಿ, ಹಿಂದುಳಿದು, ಮತ್ತೆ ಬಂದು ಸೇರುವ ಪರಿಯು ಬೇರೊಂದು ಬಗೆಯ ಸಂವಾದವೆಂದು ಈ ಲೇಖಕನ ಅಭಿಪ್ರಾಯ. ಬಿರಡೆಯಿಲ್ಲದ ತೆರೆದ ನಾದವನ್ನು ಬಯಸುವವರು ‘ಔರಾ’ವನ್ನು ಕೇಳಬೇಕು. ಡೇವಿಸನ ಹೆಸರಿನ ಅಕ್ಷರಗಳಿಂದ ಹತ್ತು ಸ್ವರಗಳ ವಸ್ತುವೊಂದನ್ನು ಕಲ್ಪಿಸಿ, ಡೆನ್ಮಾರ್ಕಿನ ಪಾಲೆ ಮಿಕೆಲ್ಬೋರ್ಗ್ ರಚಿಸಿದ ಕೃತಿಯದು. 1985ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮುದ್ರಿತವಾದ ಅದನ್ನು ಕೊಲಂಬಿಯಾ ಸಂಸ್ಥೆಯು 1989ರವರೆಗೂ ಹೊರತರಲಿಲ್ಲ. ಕೊನೆಯ ದಶಕದ ಕೃತಿಗಳಲ್ಲಿ ಇದಕ್ಕೇ ಅಗ್ರಸ್ಥಾನ ಸಲ್ಲಬೇಕು. ಮರಣಾನಂತರ 1992ರಲ್ಲಿ ಬಂದ ‘ಡೂ-ಬಾಪ್’ ಅಪೂರ್ಣವಾಗಿ ಉಳಿದುದನ್ನು ಇತರರು ಜೋಡಿಸಿದ್ದು. ಅದರಿಂದ ಹೆಚ್ಚಿನದನ್ನು ನಿರ್ಣಯಿಸುವುದು ಯುಕ್ತವಲ್ಲ.

ಉಳಿದಿರುವುದು 1991ರ ಜುಲೈ 8ರ ಕಚೇರಿ. ಹಳೆಯ ರಚನೆಗಳಿಗೆ ಹಿಂದಿರುಗಲು ಡೇವಿಸ್ ದೀರ್ಘಕಾಲ ಒಪ್ಪಿರಲಿಲ್ಲ. ಸ್ವಿಟ್ಜರ್ಲೆಂಡಿನ ಮಾಂಟ್ರೋ ಸಂಗೀತೋತ್ಸವದಲ್ಲಿ ಕ್ವಿನ್ಸಿ ಜೋನ್ಸನ ನಿರ್ದೇಶನದಲ್ಲಿ, ಮೂರು ವರ್ಷಗಳ ಹಿಂದೆ ತೀರಿಕೊಂಡಿದ್ದ ಗೆಳೆಯ ಗಿಲ್ ಇವಾನ್ಸ್ ಅಣಿಗೊಳಿಸಿದ್ದ ರಚನೆಗಳನ್ನು ದೊಡ್ಡ ವಾದ್ಯವೃಂದದೊಡನೆ ನುಡಿಸಲು ಅವನು ಕೊನೆಗೂ ಸಮ್ಮತಿಸಿದನು. ದೇಹ ಕೃಶವಾಗಿತ್ತು. ಕಠಿನವಾದ ಭಾಗಗಳಲ್ಲಿ ತರುಣ ವಾದಕ ವಾಲೆಸ್ ರೋನಿ ಪಕ್ಕದಲ್ಲಿ ಕುಳಿತು ಹೆಗಲು ಕೊಟ್ಟನು. 1957ರ ‘ಮೈಲ್ಸ್ ಅಹೆಡ್’ ಕೃತಿಯೊಡನೆ ಹೋಲಿಸಿದರೆ ಕೆಲವು ಸ್ವರಗಳು ಒಡೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ. ಆದರೆ ‘ಸೋಲೆಯಾ’ ಎಂಬ ರಚನೆಯಲ್ಲಿ ಅವನು ಎಲ್ಲಿ ನುಡಿಸದೆ ಬಿಟ್ಟನು, ರೋನಿ ಎಲ್ಲಿ ತುಂಬಿದನು ಎಂಬುದನ್ನು ಕಿವಿಗೊಟ್ಟು ಕೇಳುವವನಿಗೆ, ಎರಡು ತುತ್ತೂರಿಗಳ ಭೇದವು ತಿಳಿಯಲು ಒಂದೇ ಸ್ವರ ಸಾಕು. ಅದೇ ವರ್ಷ ಸೆಪ್ಟೆಂಬರ್ 28ರಂದು ಡೇವಿಸ್ ತೀರಿಕೊಂಡನು. ಆ ಕಚೇರಿಯ ಮುದ್ರಿಕೆ 1993ರಲ್ಲಿ ಪ್ರಕಟವಾಯಿತು.